ಸುಮಿತ್ರತ್ತಿಗೆ ಕಾರಿನ ಹಿಂಭಾಗ ಎತ್ತಿದ್ದು

ನಮ್ಮ ಮನೆತನದಲ್ಲಿ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನವೇ ಜಾಸ್ತಿ. ಅವರಲ್ಲಿ ಮೊದಲನೆಯವನು ನಮ್ಮಣ್ಣ ಸಿದ್ದಬಸಪ್ಪ. ಅಂಥವನಿಗೆ ಗಂಟು ಬಿದ್ದವಳು ಸುಮಿತ್ರತ್ತಿಗೆ. ಯಾವ ಎತ್ತು, ಯಾರು ನೋಡಿದ್ದು ಅಂತ ಕೇಳಿ, ಉತ್ತರ ಬಂದ ಮೇಲೂ ಇನ್ನೊಂದು ಸಲ ಕೇಳುವ ಹೆಂಗಸು. ನಾನೂ ಅವಳೂ ಒಂದೇ ವಾರಗೆಯವರು, ಬೇಲಿಯ ಆಚೆ ಈಚೆ ಮನೆ. ಹಾಗಾಗಿ ನಮ್ಮಲ್ಲಿ ಬಹುವಚನದ ಗೋಜಿಲ್ಲ.

ಕೇಳುವುದು ಅವಳ ಹುಟ್ಟುಗುಣ. ರೊಟ್ಟಿ ಹಿಟ್ಟು ಕಲಸುತ್ತಾ, ಉಪ್ಪು ಹಾಕಿದೆನಾ ಅಂತ ನನ್ನನ್ನು ಕೇಳುತ್ತಾಳೆ. ನಾನು ಆಗ ತಾನೇ ಬೇಲಿ ದಾಟಿ ಬಂದಿರುತ್ತೇನೆ. ಐವತ್ತು ದಾಟಿದ ಮೇಲೆ ಸೋಮವಾರಪೇಟೆಗೆ ಹೋಗಿ ಕಾರು ಕಲಿತಳು. ಟೆಸ್ಟಿನ ದಿನ ಇನ್‌ಸ್ಪೆಕ್ಟರು ರಿವರ್ಸ್ ತಗೊಳ್ಳಿ ಅಂದರೆ, 'ಎಲ್ಲಿ ತನಕ ಸಾರ್?' ಅಂದಳಂತೆ. ಅವರು ನಕ್ಕು ಪಾಸು ಮಾಡಿದರು. ಅಣ್ಣನಿಗೆ ಮಾತ್ರ ಈ ಗುಣ ಕಂಡರೆ ಮೈಯೆಲ್ಲ ಉರಿ.

ಅವಳಿಗೆ ಇದ್ದದ್ದು ಒಂದೇ ಆಸೆ. ಕುಶಾಲನಗರದ ಅಕ್ಕನ ಮನೆಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ಬರಬೇಕು. ಲೈಸೆನ್ಸ್ ಬಂದು ಎರಡು ವರ್ಷವಾದರೂ ಅಣ್ಣ ಪಕ್ಕದ ಸೀಟು ಬಿಟ್ಟು ಇಳಿದಿರಲಿಲ್ಲ. ಕ್ಲಚ್ಚು, ಹಾರ್ನು, ಎಮ್ಮೆ ಅಂತ ದಾರಿಯುದ್ದಕ್ಕೂ ಅವನದೇ ಪಾರಾಯಣ. ಕೇಳಿದಾಗಲೆಲ್ಲ ಒಂದು ನೆಪ ಹೇಳುತ್ತಿದ್ದ.

ಈ ಜನವರಿಯಲ್ಲಿ ಅವರ ಓಮ್ನಿ ಕಾರಿನ ಹಿಂದಿನ ಚಕ್ರಗಳು ಕಿರ್ರೆನ್ನತೊಡಗಿದವು. ಬ್ರೇಕಿನ ಡ್ರಮ್ಮಿನೊಳಗೆ ಧೂಳು ಸೇರಿತ್ತು. ಅದನ್ನು ಬಿಚ್ಚಿ ಚೊಕ್ಕಟ ಮಾಡುವುದು ಯಾವಾಗಲೂ ಅಣ್ಣನ ಕೆಲಸ. ಈ ಸಲ ಅವನಿಗೆ ಸೊಂಟ ಹಿಡಿದಿತ್ತು.

"ನಾನೇ ಮಾಡ್ತೀನಿ, ಹೇಳ್ಕೊಡಿ" ಅಂದಳು ಅತ್ತಿಗೆ.

"ಮಾಡು ನೋಡಾನ. ಹಿಂಭಾಗ ಎತ್ತಿ ಎರಡೂ ಡ್ರಮ್ಮು ಬಿಚ್ಚಿ ಹಾಕು. ಆಮೇಲೆ ಕುಶಾಲನಗರಕ್ಕಾದ್ರೂ ಹೋಗು, ಕಾಶಿಗಾದ್ರೂ ಹೋಗು, ನಾನು ಬರಲ್ಲ" ಅಂದ ಅಣ್ಣ.

ನಮ್ಮ ಕಡೆ ಸಮತಟ್ಟು ಜಾಗ ಅಂದರೆ ಕಾಫಿ ಕಣ ಒಂದೇ. ಕಣದ ತುಂಬ ಹಣ್ಣು ಹರವಿತ್ತು. ಹಾಗಾಗಿ ಗೇಟಿನ ಕಡೆಗೆ ಇಳಿಜಾರಾಗಿರುವ ಅಂಗಳದಲ್ಲೇ, ಗೇಟಿಗೆ ಮೂತಿ ಮಾಡಿ ಕಾರು ನಿಲ್ಲಿಸಿದರು. ಇಳಿಜಾರಿನಲ್ಲಿ ನಿಂತ ಗಾಡಿಯ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಣ್ಣ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದ: "ಹ್ಯಾಂಡ್‌ಬ್ರೇಕ್ ಎಳಿ. ಗೇರಿಗೆ ಹಾಕು. ಹಿಂದಿನ ಚಕ್ರಕ್ಕೆ ಮುಂದಿಂದ ಕಲ್ಲು ಕೊಡು. ಮೂರಾಯ್ತಲ್ಲ? ಇನ್ನು ಆನೆ ಬಂದು ನೂಕಿದ್ರೂ ಹೋಗಲ್ಲ."

ಅತ್ತಿಗೆ ಮೂರನ್ನೂ ಮಾಡಿದಳು. ಆಮೇಲೆ ಜಾಕ್ ಎಲ್ಲಿಗೆ ಕೊಡುವುದು ಅನ್ನುವ ಗೊಂದಲ ಶುರುವಾಯಿತು. ಕುಶಾಲನಗರದ ಅಕ್ಕನ ಮಗ ಕೀರ್ತಿಕುಮಾರ ಫೋನಿನಲ್ಲಿ, ಬಾಗಿಲ ಕೆಳಗೆ ಪಕ್ಕದಲ್ಲೇ ಕೊಡಬೇಕು ಚಿಕ್ಕಮ್ಮ ಅಂದ. ಅಣ್ಣ, ಎರಡು ಚಕ್ರದ ನಡುವಿನ ಅಚ್ಚಿನಲ್ಲಿ ಗುಂಡಗಿರುವ ಹೌಸಿಂಗಿನ ಕೆಳಗೆ ಅಂದ. ಪಕ್ಕದಲ್ಲಿ ಕೊಟ್ಟರೆ ಒಂದೇ ಚಕ್ರ ಏಳುವುದು, ನಡುವೆ ಕೊಟ್ಟರೆ ಎರಡೂ ಅಂತ ತಿಳಿಯುವಷ್ಟರಲ್ಲಿ ಅತ್ತಿಗೆಯ ತಲೆಯೂ ಪಕ್ಕದಲ್ಲಿ ನಿಂತಿದ್ದ ನನ್ನ ತಲೆಯೂ ಕೆಟ್ಟು ಗೊಬ್ಬರವಾಗಿತ್ತು. ಕೊನೆಗೆ ನಡುವೆಯೇ ಕೊಟ್ಟು ಎತ್ತಿದಳು. ಎರಡೂ ಚಕ್ರ ನೆಲ ಬಿಟ್ಟವು. ಇನ್ನು ಅಡಿಗೆ ತೂರಿ, ಎರಡು ಕಡೆಗೂ ಸಿಲ್ವರ್ ಓಕ್ ಮರದ ತುಂಡು ಇಡಬೇಕು.

ಅತ್ತಿಗೆ ತುಂಡು ಹಿಡಿದು ನೆಲಕ್ಕೆ ಒರಗಿದಳು. ತಲೆ ಇನ್ನೇನು ಒಳಗೆ ಹೋಗಬೇಕು, ಹೊರಳಿ ಎದ್ದು ಕೂತು ಜಗಲಿಯತ್ತ ನೋಡಿದಳು.

"ಏನ್ರೀ, ಇದನ್ನ ಉದ್ದಕ್ಕಿಡ್ಲಾ, ಅಡ್ಡಕ್ಕಿಡ್ಲಾ?"

"ಅಯ್ಯೋ ನಿನ್ನ! ಎಷ್ಟು ಸಲ..." ಅಂತ ಅಣ್ಣ ಬಾಯಿ ತೆಗೆದ. ಅಷ್ಟರಲ್ಲಿ ಕಾರು ಮುಂದಕ್ಕೆ ಹೊರಟಿತು.

ಜಾಕ್ ಮಗುಚಿತು. ಹಿಂಭಾಗ ದಢಾರನೆ ನೆಲಕ್ಕೆ ಬಿತ್ತು. ಬಿದ್ದದ್ದೇ, ಕಾರು ಗಕ್ಕನೆ ನಿಂತಿತು. ಚಕ್ರದ ಮುಂದಿದ್ದ ಕಲ್ಲುಗಳು ಈಗ ಚಕ್ರದ ಹಿಂದಿದ್ದವು. ಅತ್ತಿಗೆಯ ಸೆರಗಿನ ತುದಿ ಜಾಕಿನ ಕೆಳಗಿತ್ತು.

ಅಣ್ಣ ಸೊಂಟ ಹಿಡಿದುಕೊಂಡೇ ಓಡಿ ಬಂದ. ಹೆಂಡತಿಯ ತಲೆ, ತೋಳು ಎಲ್ಲ ಮುಟ್ಟಿ ನೋಡಿದ. ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಕೂಗಾಡಿದ: "ಮಾರಿಬಿಡ್ತೀನಿ ಇದನ್ನ! ಕುಶಾಲನಗರನೂ ಬೇಡ, ಏನೂ ಬೇಡ! ನೀನು ಬ್ರೇಕ್ ಸರಿಯಾಗಿ ಎಳ್ದಿಲ್ಲ!"

ನಾನು ಬಾಗಿಲು ತೆಗೆದು ನೋಡಿದೆ. ಹ್ಯಾಂಡ್‌ಬ್ರೇಕು ಪೂರ್ತಿ ಮೇಲಿತ್ತು. ಗೇರೂ ಬಿದ್ದಿತ್ತು. ಅಣ್ಣನೂ ಬಗ್ಗಿ ನೋಡಿ, ತಲೆ ಕೆರೆದುಕೊಂಡ.

"ಬ್ರೇಕ್ ಹಿಡ್ದಿದ್ರೆ ಕಾರು ಹೋಗಿದ್ದು ಹೆಂಗೆ?" ಅಂದಳು ಅತ್ತಿಗೆ, ಅಳುವ ದನಿಯಲ್ಲಿ. "ಹಿಡೀದೆ ಇದ್ರೆ ಈಗ ನಿಂತಿರೋದು ಹೆಂಗೆ?"

ದೆವ್ವ ಹೊಕ್ಕ ಗಾಡಿಯನ್ನು ನೋಡುವಂತೆ ನಾವು ಮೂವರೂ ಆ ಕಾರನ್ನೇ ನೋಡಿದೆವು. ಅವಳು ಮತ್ತೆ ಕೇಳಿದಳು.

"ಹ್ಯಾಂಡ್‌ಬ್ರೇಕು ಯಾವ ಚಕ್ರ ಹಿಡಿಯೋದು?"

"ಹಿಂದಿಂದು."

"ಗೇರು?"

"ಈ ಗಾಡೀಲಿ ಅದೂ ಹಿಂದಿಂದೇ."

"ಕಲ್ಲು?"

ಅಣ್ಣ ಚಕ್ರದ ಹಿಂದೆ ಉಳಿದಿದ್ದ ಕಲ್ಲುಗಳತ್ತ ನೋಡಿದ.

"ಮೂರೂ ಹಿಂದಿನ ಚಕ್ರಕ್ಕೇ ಕೊಟ್ಟು, ಆ ಚಕ್ರನ ಗಾಳೀಲಿ ಎತ್ತಿಟ್ವಲ್ಲ! ಮುಂದಿನ ಚಕ್ರಕ್ಕೆ ಏನಿತ್ತು?" ಅಂದಳು ಅತ್ತಿಗೆ.

ಹಿತ್ತಿಲ ಬಾಗಿಲಿಗೆ ಮೂರು ಬೀಗ ಜಡಿದು ಮುಂಬಾಗಿಲು ತೆರೆದಿಟ್ಟು ಮಲಗಿದ ಹಾಗಾಗಿತ್ತು ನಮ್ಮ ಕೆಲಸ. ಆದರೂ ಅಣ್ಣ ಸೋಲಲಿಲ್ಲ.

"ಅದೆಂಗಾಗ್ತದೆ? ಇಷ್ಟು ವರ್ಷ ನಾನು ಹಿಂಗೇ ಎತ್ತಿದ್ದು. ಒಂದ್ ಸಲಾನೂ ಅಲ್ಲಾಡ್ಲಿಲ್ಲ."

"ಎಲ್ಲಿ ಎತ್ತಿದ್ದು?"

"ಕಣದಲ್ಲಿ. ಕಾಫಿ ಬರೋದಕ್ಕೆ ಮುಂಚೆ..."

ಅಣ್ಣನ ಮುಖ ಬಿಳಿಚಿಕೊಂಡಿತು. ಸಮತಟ್ಟು ಕಣ ಹಿಡಿದಿದ್ದನ್ನು ತನ್ನ ಕಲ್ಲು ಹಿಡಿದಿದೆ ಅಂತ ನಂಬಿ, ವರ್ಷಾವರ್ಷ ಆ ಕಾರಿನ ಅಡಿ ಮಲಗಿ, ಹಾಡು ಗುನುಗುತ್ತಾ ಕೆಲಸ ಮಾಡಿದ್ದ. ಯಾರಾದರೂ ಒಮ್ಮೆ ಕಾರಿಗೆ ಒರಗಿ ನಿಂತಿದ್ದರೂ ಸಾಕಿತ್ತು, ಅದು ಉರುಳಿ ಅವನ ಮೇಲೆ ಬೀಳುತ್ತಿತ್ತು.

ಅತ್ತಿಗೆ ಆಗ ಅತ್ತಳು. ತಾನು ಉಳಿದದ್ದಕ್ಕಲ್ಲ. "ನಾನು ಕಾಫಿ ಲೋಟ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ನಲ್ರೀ. ಎಲ್ಲಾನೂ ಕೇಳೋಳು, ಇದೊಂದು ಯಾಕೆ ಕೇಳ್ಲಿಲ್ಲ ನಾನು?" ಅಂತ ಅವನ ಭುಜಕ್ಕೆ ಹೊಡೆದಳು. ಅಣ್ಣ ಹೊಡೆಸಿಕೊಂಡು ನಿಂತಿದ್ದ. ಅಪ್ಪ ಸತ್ತಾಗಲೂ ಅವನು ಅಷ್ಟು ದಿಕ್ಕುತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಮಾರನೆಯ ದಿನ ಕಣದ ಒಂದು ಮೂಲೆಯ ಕಾಫಿ ಬಳಿದು ಜಾಗ ಮಾಡಿಕೊಂಡೆವು. ಮುಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟಳು. ಎತ್ತಿದ ಮೇಲೆ ಅಡಿಗೆ ಹೋಗದೆ, ಹೊರಗಿಂದಲೇ ಮರದ ತುಂಡುಗಳನ್ನು ನೂಕಿ, ಕಾರನ್ನು ಅವುಗಳ ಮೇಲೆ ಇಳಿಸಿ ಕೂರಿಸಿದಳು. ಪಕ್ಕದಿಂದ ಅಲ್ಲಾಡಿಸಿ ನೋಡಿದಳು, ನನ್ನ ಕೈಲೂ ನೋಡಿಸಿದಳು. ಡ್ರಮ್ಮು ಬಿಚ್ಚಲು ಹ್ಯಾಂಡ್‌ಬ್ರೇಕು ಇಳಿಸಲೇಬೇಕಿತ್ತು. ಅದನ್ನೂ ಇಳಿಸಿದಳು. ಕಾರು ಅಲ್ಲಾಡಲಿಲ್ಲ. ಸಂಜೆಯೊಳಗೆ ಕಿರ್ರೆನ್ನುವ ಸದ್ದು ನಿಂತಿತ್ತು.

ಭಾನುವಾರ ಬೆಳಿಗ್ಗೆ ಅಣ್ಣ ತಾನಾಗಿಯೇ ಕೀ ತಂದು ಕೊಟ್ಟ. "ಹೋಗಿ ಬಾ. ನಾನು ಬರಲ್ಲ" ಅಂದ.

ಅತ್ತಿಗೆ ಕೈ ಚಾಚಲಿಲ್ಲ. "ನಾನಿಲ್ದಾಗ ಯಾವ ಗಾಡಿ ಅಡಿಗೂ ಹೋಗಲ್ಲ ಅಂತ ಲಿಂಗ ಮುಟ್ಟಿ ಹೇಳಿ" ಅಂದಳು.

ಲಿಂಗ ಮುಟ್ಟಿ ಆಣೆ ಮಾಡುವುದು ಅಣ್ಣನಿಗೆ ಆಗದ ಮಾತು. ಜಮೀನಿನ ಪಂಚಾಯ್ತಿಯಲ್ಲಿ ಹಿರಿಯರು ಒತ್ತಾಯ ಮಾಡಿದಾಗಲೂ ಎದ್ದು ಬಂದವನು ಅವನು. ಬೈಯುತ್ತಾನೆ ಅಂತಲೇ ನಾನು ಕಾದೆ. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಹೋಗಲ್ಲ ಅಂದ. ಆಮೇಲೆ ಅವಳು ಕೀ ತಗೊಂಡು ಹೊರಟಳು.