ಕೆಮ್ಮಿನ ಔಷಧಿಯಾದ ವೇಪ್

2023ರಲ್ಲಿ ನಾನು ಶಿಕಾರಿಪುರದ ಆಸ್ಪತ್ರೆಯೊಂದರಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚಕಿಯಾಗಿದ್ದೆ. ಮಂಗಳವಾರ ಮಾತ್ರ ಸೊರಬದ ಆಸ್ಪತ್ರೆಗೆ ಹೋಗಿ ಕೂರುತ್ತಿದ್ದೆ. ಬೀಡಿ, ಗುಟ್ಕಾ, ಹೊಗೆಸೊಪ್ಪುಗಳ ಜಾತಕವೆಲ್ಲ ನನಗೆ ಬಾಯಿಪಾಠ. ಆದ್ದರಿಂದ ಒಂದು ಮಂಗಳವಾರ ಕೋಣೆಯೊಳಗೆ ಮಾವಿನಹಣ್ಣಿನ ಘಮ ಬಂದಾಗ ಇದ್ಯಾವುದು ಹೊಸದು ಎಂದು ತಲೆ ಎತ್ತಿ ನೋಡಿದೆ.

ಬಂದವರು ಹೊಸಬಾಳೆಯ ಚನ್ನಬಸಪ್ಪ, ಐವತ್ತರ ಆಸುಪಾಸಿನ ಭತ್ತದ ಬೆಳೆಗಾರರು. ಜೇಬಿನಿಂದ ಬೆರಳುದ್ದದ ಸಾಧನವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಪರದೇಶದಲ್ಲಿರುವ ಭಾವಮೈದುನ ತಂದುಕೊಟ್ಟ ವೇಪ್, ಅಂದರೆ ಇ-ಸಿಗರೇಟು ಅದು; ಮಾವಿನ ಘಮವೂ ಅದರದೇ.

"ಕೆಮ್ಮು ಜಾಸ್ತಿ ಆತು ಅಂತ ಬೀಡಿ ಬಿಟ್ಟು ಇದಕ್ಕೆ ಬಂದೀನಿ ಮೇಡಂ. ಹೊಸಬ ನಾನು. ಹೆಂಗೆ ಎಳೀಬೇಕು, ಎಷ್ಟು ಎಳೀಬೇಕು, ಸ್ವಲ್ಪ ಹೇಳ್ಕೊಡ್ರೀ."

ಇದರ ಮಾರಾಟವೇ ನಮ್ಮ ದೇಶದಲ್ಲಿ ನಿಷೇಧ. ಎಳೆಯುವುದನ್ನು ಕಲಿಸುವುದು ನನ್ನ ಕೆಲಸವೂ ಅಲ್ಲ. ಆದರೆ ಕುತೂಹಲಕ್ಕೆ ಯಾರ ನಿಷೇಧ? ತಿರುಗಿಸಿ ತಿರುಗಿಸಿ ನೋಡಿದೆ. ಒಳಗೆ ಬ್ಯಾಟರಿ, ನಿಕೋಟಿನ್ ಬೆರೆತ ದ್ರವ. ಎಳೆದಾಗ ದ್ರವ ಕಾದು ಆವಿಯಾಗುತ್ತದೆ. ಬೀಡಿಯಂತೆ ಇಲ್ಲಿ ಎಲೆ ಸುಡುವುದಿಲ್ಲ, ನಿಜ. ಆದರೆ ಚಟ ಹಿಡಿಸುವ ನಿಕೋಟಿನ್ ಮಾತ್ರ ಅದೇ.

ಬೀಡಿ ಬಿಟ್ಟ ಮೇಲೆ ಎದೆ ಡವಡವ ಹೆಚ್ಚಾಗಿದೆ, ನಿದ್ದೆ ಹತ್ತುತ್ತಿಲ್ಲ ಎಂದರು. ಬಿಟ್ಟವರಿಗೆ ಹೀಗೇಕಾಗಬೇಕು ಎಂದು ಕೆದಕಿದೆ. ಬೀಡಿ ಸೇದುತ್ತಿದ್ದದ್ದು ಹುಲ್ಲುಬಣವೆಯ ಹಿಂದೆ, ಅದೂ ದಿನಕ್ಕೆ ನಾಲ್ಕಾರು ಸಲ. ತಾಯಿಯೆದುರು ಬೀಡಿ ಹಚ್ಚುವ ಮಾತೇ ಇಲ್ಲ. ವೇಪ್ ಹಾಗಲ್ಲ, ಹಾಸಿಗೆಯಲ್ಲಿ, ಜಗಲಿಯಲ್ಲಿ, ಎಲ್ಲೆಂದರಲ್ಲಿ.

"ತಾಯಿ ಏನೂ ಅನ್ನಲ್ವಾ?"

"ಕೆಮ್ಮಿನ ಔಷಧಿ ಅಂದೀನಲ್ರೀ!"

ಇಬ್ಬರೂ ನಕ್ಕೆವು. ಬೀಡಿ ಒಂದು ಹೊತ್ತಿಗೆ ಮುಗಿಯುತ್ತದೆ, ಇದು ಮುಗಿಯುವುದೇ ಇಲ್ಲ, ಅದಕ್ಕೇ ಈ ಡವಡವ ಎಂದು ವಿವರಿಸಿ, ಚಟ ಇಳಿಸಲು ನಿಕೋಟಿನ್ ಗಮ್ ಆಗಬಹುದೇ ಎಂದು ವೈದ್ಯರಲ್ಲಿ ಕೇಳಲು ಹೇಳಿದೆ. ನೋಡೋಣ ಎಂದು ಹೊರಟುಹೋದರು.

ಮುಂದಿನ ಮಂಗಳವಾರ ತುರ್ತು ವಿಭಾಗದಿಂದ ನನಗೆ ಕರೆ ಬಂತು, ಚನ್ನಬಸಪ್ಪ ನನ್ನನ್ನು ಕೇಳುತ್ತಿದ್ದಾರೆಂದು. ಮಂಚದ ಮೇಲೆ ಚನ್ನಬಸಪ್ಪನವರ ತಾಯಿ ಗೌರಮ್ಮ. ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು. ಏನು ತಿಂದರು, ಏನು ಕುಡಿದರು ಎಂದು ವೈದ್ಯರು ಕೇಳುತ್ತಲೇ ಇದ್ದರು. ಮಗ ಮಾತ್ರ ಜೇಬಿನ ಮೇಲೆ ಕೈಯೊತ್ತಿಕೊಂಡು ನಿಂತಿದ್ದರು.

ಮುದುಕಿಯೇ ಕ್ಷೀಣವಾಗಿ ಹೇಳಿದರು: "ಕೆಮ್ಮು ತಡೀಲಿಲ್ಲ. ಅವ್ನ ಔಷಧಿ ಗೂಡಲ್ಲಿತ್ತು. ನಾಕು ಸಲ ಎಳ್ಕಂಡೆ."

ವೈದ್ಯರಿಗೆ ಏನೂ ಅರ್ಥವಾಗಲಿಲ್ಲ. ಯಾವ ಔಷಧಿ ಎಂದು ಗದರಿದರು. ನನಗೆ ಅದು ಯಾವುದೆಂದು ಹೊಳೆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಚನ್ನಬಸಪ್ಪ ವೇಪನ್ನು ವೈದ್ಯರ ಕೈಗಿಟ್ಟು, ತಾಯಿಯ ಕಡೆ ತಿರುಗಿದರು. "ಔಷಧಿ ಅಲ್ಲ ಅವ್ವಾ. ಬೀಡಿ ಇದ್ದಂಗೇ ಇದು."

ತಂಬಾಕಿನ ಅಭ್ಯಾಸವೇ ಇಲ್ಲದ ದೇಹಕ್ಕೆ ಒಮ್ಮೆಲೇ ಅಷ್ಟು ನಿಕೋಟಿನ್ ಸೇರಿತ್ತು. ಕಾರಣ ತಿಳಿದ ಮೇಲೆ ವೈದ್ಯರು ನಿಗಾದಲ್ಲಿಟ್ಟು ಉಪಚರಿಸಿದರು. ಸಂಜೆಯ ಹೊತ್ತಿಗೆ ಗೌರಮ್ಮ ಎದ್ದು ಕುಳಿತು ಗಂಜಿ ಕುಡಿದರು. ಆಮೇಲೆ ಮಗನನ್ನು ಹತ್ತಿರ ಕರೆದರು.

"ನೀ ಬಣವೆ ಹಿಂದೆ ಯಾಕೆ ಹೋಗ್ತಿದ್ದಿ ಅಂತ ನಂಗೆ ಗೊತ್ತಿರ್ಲಿಲ್ಲ ಅನ್ಕಂಡಿದ್ಯಾ? ನನ್ ಮುಂದೆ ಸೇದಲ್ಲ, ಅಷ್ಟಾದ್ರೂ ಮರ್ಯಾದಿ ಐತಿ ಅಂತ ಸುಮ್ನಿದ್ದೆ. ಔಷಧಿ ಅಂದ್ಯಲ್ಲ, ಅದನ್ನ ನಂಬ್ದೆ ನೋಡು."

ಚನ್ನಬಸಪ್ಪ ಗೋಡೆಗೆ ಮುಖ ಮಾಡಿ ಅತ್ತರು.

ಅವರು ವೈದ್ಯರ ಸಲಹೆಯಂತೆ ಗಮ್ ಶುರುಮಾಡಿದರು. ಎಲೆಅಡಿಕೆಯಂತೆ ಜಗಿದು ರಸ ನುಂಗಿ ಬಿಕ್ಕಳಿಸಿದ್ದೂ ಆಯಿತು. ನಿಧಾನವಾಗಿ ಜಗಿದು ದವಡೆಯಲ್ಲಿ ಒತ್ತರಿಸಿಡುವುದನ್ನು ಕಲಿತರು. ತಿಂಗಳುಗಳು ಹಿಡಿದರೂ ವೇಪ್ ಹೋಯಿತು, ಬೀಡಿಯೂ ಮರಳಿ ಬರಲಿಲ್ಲ. ನಡುವೆ ಒಮ್ಮೆ ಗೌರಮ್ಮ ತಾವೇ ಬಂದು, ಗಮ್ಮಿನ ಪೊಟ್ಟಣ ನನ್ನ ಮುಂದೆ ಹಿಡಿದು ಕೇಳಿದ್ದರು: "ಮೇಡಂ, ಇದಾದ್ರೂ ಔಷಧೀನಾ?"

ದಿನಕ್ಕೆ ಎಷ್ಟು ಸೇದುತ್ತೀರಿ ಎಂಬುದು ನಮ್ಮ ಕೆಲಸದಲ್ಲಿ ಮೊದಲ ಪ್ರಶ್ನೆ. ಆ ಮಂಗಳವಾರದಿಂದ ಅದಕ್ಕೂ ಮೊದಲು ಇನ್ನೊಂದು ಕೇಳುತ್ತೇನೆ: ಯಾರ ಮುಂದೆ ಸೇದುವುದಿಲ್ಲ? ಆ ಹೆಸರು ಹೇಳುವಾಗ ಬಂದವರ ದನಿ ತಗ್ಗುತ್ತದೆ. ಬಿಡಿಸುವ ಕೆಲಸವನ್ನು ನಾನು ಅಲ್ಲಿಂದಲೇ ಶುರುಮಾಡುತ್ತೇನೆ.