ಮನೆ ಹೆಸರು ಹೊತ್ತು ಬಂದ ಜಾಹೀರಾತು

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ದೋಸೆ ಎರೆದದ್ದು, ಬಟ್ಟೆ ಒಗೆದದ್ದು, ಕೊಬ್ಬರಿ ಬಿಸಿಲಿಗೆ ಹರಡಿ ಕಾಗೆ ಓಡಿಸಿದ್ದು, ಗ್ಯಾಸಿನವನಿಗೆ ಕಾದದ್ದು, ಇವರ ಎರಡು ಅಂಗಿಗೆ ಬಟನ್ ಹೊಲಿದದ್ದು, ಮತ್ತೆ ಊಟದ ಹೊತ್ತಿನವರೆಗೂ ಇವರ ಫೋನಿನಲ್ಲಿ ತುಂಬಿದ ಮೈಲು ಅಳಿಸಿದ್ದು. ಕೊನೆಯದನ್ನು ಕೆಲಸವೆಂದು ಯಾರೂ ಹೇಳಲಿಕ್ಕಿಲ್ಲ. ಬೆನ್ನು ನೋವು ಬಂದದ್ದು ಮಾತ್ರ ಅದರಿಂದಲೇ.

ಕಾಸರಗೋಡಿನ ಲ್ಯಾಬಿನವರು ಇವರ ರಕ್ತದ ರಿಪೋರ್ಟು ಮೈಲಿಗೆ ಕಳಿಸಿದ್ದೇವೆ ಅಂದರು. ಬರಲಿಲ್ಲ. ಕೇಳಿದರೆ ನಿಮ್ಮ ಡಬ್ಬಿಯಲ್ಲಿ ಜಾಗ ಇಲ್ಲ ಅಂದರು. ಜಾಗ ಎಲ್ಲಿಂದ ಬರಬೇಕು? ಸಾಲ ಕೊಡುವವರು, ಮೊಣಕಾಲಿಗೆ ಎಣ್ಣೆ ಮಾರುವವರು, ಕೂತಲ್ಲಿಗೇ ದುಡ್ಡು ತಂದುಕೊಡುವವರು… ಒಬ್ಬನಂತೂ ದಿನಾ ಇವರ ಕೂದಲು ಉದುರುವ ಚಿಂತೆಯಲ್ಲಿದ್ದಾನೆ. ಉದುರಲಿಕ್ಕೆ ಇವರ ತಲೆಯಲ್ಲಿ ಕೂದಲು ಉಂಟಾ ಎಂದು ಮೊದಲು ಕೇಳಬೇಡವೇ?

ಹಾಗೆ ಒಂದೊಂದೇ ಅಳಿಸುತ್ತಿದ್ದಾಗ ಮಂಗಳೂರಿನ ಯಾವುದೋ ಫ್ಲಾಟಿನ ಚಿತ್ರ ಬಂತು. ಎದುರಿಗೆ ನೀಲಿ ಈಜುಕೊಳ, ಪಕ್ಕದಲ್ಲಿ ನಗುವ ಗಂಡ ಹೆಂಡತಿ. ನನ್ನ ಬೆರಳು ಅಲ್ಲಿಯೇ ನಿಂತಿತು. ಟೈಪಿನ ಬಾಯಿ ನೆನಪಾದರು.

ಕೊಂಕಣಿ ಕ್ರಿಶ್ಚನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು. ಈ ಬಾಯಿ ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದುದರಿಂದ ಟೈಪಿನ ಬಾಯಿ ಆದರು. ಮದುವೆಯಾಗಿರಲಿಲ್ಲ. ಹೂವಿನ ಫ್ರಾಕು ಹಾಕುತ್ತಿದ್ದರು, ಕನ್ನಡಕಕ್ಕೆ ಕಪ್ಪು ದಾರ ಕಟ್ಟುತ್ತಿದ್ದರು. ಟೈಪು ಕಲಿಯುವವರು ಕಡಿಮೆಯಾದಾಗ ಮಿಷನ್ನುಗಳನ್ನು ಮೂಲೆಗೆ ಸರಿಸಿ ಒಂದು ಕಂಪ್ಯೂಟರ್ ತಂದು ಇಂಟರ್ನೆಟ್ ಹಾಕಿಸಿದರು. ಆಗ ನಮ್ಮ ಪುತ್ತಿಗೆಯ ಸುತ್ತ ಗಲ್ಫಿಗೆ ಗಂಡಸರು ಹೋಗದ ಮನೆ ಇರಲಿಲ್ಲವೆಂದೇ ಹೇಳಬೇಕು. ನನ್ನವರೂ ಅಲ್ಲಿದ್ದರು. ಮರುಭೂಮಿಯ ನಡುವೆ ಕ್ಯಾಂಪು, ಶುಕ್ರವಾರ ಪೇಟೆಗೆ ಬಂದರೆ ಮಾತ್ರ ಮೈಲು ನೋಡುವುದು.

ನಮಗೆ ಹೆಂಗಸರಿಗೆ ಸ್ವಂತ ಮೈಲು ಐಡಿ ಎಲ್ಲಿತ್ತು? ಇಡೀ ಊರಿಗೆ ಬಾಯಿಯದ್ದೇ ಒಂದು. ನಾವು ಬಾಯಲ್ಲಿ ಹೇಳುವುದು, ಅವರು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡವನ್ನೋ ಮಲಯಾಳವನ್ನೋ ಬ್ಯಾರಿಯನ್ನೋ ಟೈಪು ಮಾಡುವುದು. ಯಾರದ್ದು ಯಾರಿಗೆ ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಮೈಲಿನ ಮೇಲ್ಗಡೆ ವಿಷಯ ಬರೆಯುವ ಜಾಗದಲ್ಲಿ ಮನೆ ಹೆಸರು ಹಾಕುವ ಕ್ರಮ ಮಾಡಿದರು. ನಮ್ಮದು ‘ಪಡ್ಪು ಮನೆ’. ಉತ್ತರಕ್ಕೂ ಅದೇ ಹೆಸರು. ಬಂದದ್ದನ್ನು ಪ್ರಿಂಟ್ ತೆಗೆದು, ನಾಲ್ಕಾಗಿ ಮಡಚಿ ಕೊಡುತ್ತಿದ್ದರು. ಓದಲು ಬಾರದವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಓದಿ ಹೇಳುತ್ತಿದ್ದರು. ಯಾರ ಗಂಡ ಯಾವಾಗ ಅತ್ತ, ಯಾರ ಅತ್ತೆ ಸೊಸೆಗೆ ಎಂತ ಅಂದರು, ಎಲ್ಲ ಅವರಿಗೆ ಗೊತ್ತಿತ್ತು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಲಿಲ್ಲ. ಅಷ್ಟು ಗಟ್ಟಿ ಹೆಂಗಸು.

ಅಂಥವರು ಇಂಥದ್ದು ಮಾಡಿದರಲ್ಲ ಎಂಬುದೇ ನನಗೆ ಇವತ್ತಿಗೂ ಹರಿಯದ ಸಂಗತಿ.

ಆ ವರ್ಷ ನನ್ನ ನಾದಿನಿಯ ಮದುವೆ ನಿಶ್ಚಯವಾಗಿತ್ತು. ಮಾವ ತೀರಿಹೋಗಿದ್ದರು, ಧಾರೆ ಎರೆದು ಕೊಡಬೇಕಾದವರು ಅಣ್ಣನೇ. ಇವರು ರಜೆ ಬರೆಸಿ, ಟಿಕೇಟು ಮಾಡಿ, ತಂಗಿಗೆ ಸೀರೆ ತೆಗೆದಿಟ್ಟು ಕಾಯುತ್ತಿದ್ದರು. ಅಷ್ಟರಲ್ಲಿ ಮದುಮಗನಿಗೆ ಬೇಗ ಕೆಲಸಕ್ಕೆ ಹಿಂದಿರುಗಬೇಕೆಂದು ಕಂಪನಿಯಿಂದ ಕರೆ ಬಂತು, ಅವನೂ ಗಲ್ಫಿನವನೇ. ಮುಹೂರ್ತವನ್ನು ಮುಂಚಿತವಾಗಿ ಇಟ್ಟರು. ನಾನು ಆ ದಿನವೇ ಹೋಗಿ ಮೈಲು ಹಾಕಿಸಿದೆ. ಉತ್ತರ ಬರಲಿಲ್ಲ. ಶುಕ್ರವಾರ ಕಳೆದ ಮೇಲೆ ಇನ್ನೊಂದು ಹಾಕಿಸಿದೆ. ಅತ್ತೆ ದಿನಾ ಕೇಳುತ್ತಿದ್ದರು. ಬಾಯಿಯ ಮೈಲು ಹೋಗಿದೆಯಲ್ಲ, ಟಿಕೇಟಿನ ಓಡಾಟದಲ್ಲಿರಬೇಕು ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ಕೊನೆಗೆ ಕ್ಯಾಂಪಿನ ಆಫೀಸಿಗೆ ಫೋನು ಮಾಡಿಸಿ ಇವರು ಸಿಕ್ಕುವಾಗ ಮದುವೆಗೆ ಎರಡೇ ದಿನ. ಹೊರಡಲಿಕ್ಕೆ ಪಾಸ್‌ಪೋರ್ಟೇ ಕೈಯಲ್ಲಿರಲಿಲ್ಲ, ಕಂಪನಿಯ ಬೀರುವಿನಲ್ಲಿತ್ತು.

ಧಾರೆಯನ್ನು ದೊಡ್ಡಪ್ಪ ಎರೆದರು. ನಾದಿನಿ ಮಂಟಪದಲ್ಲಿ ಕೂತು, ಪ್ರತಿಯೊಂದು ಜೀಪು ನಿಂತ ಸದ್ದಿಗೂ ಗೇಟಿನ ಕಡೆ ನೋಡುತ್ತಿದ್ದಳು… ಬರಲಿಕ್ಕಿಲ್ಲ ಎಂದು ಅವಳಿಗೆ ಹೇಳಿಯೇ ಇತ್ತು. ಆದರೂ ನೋಡುತ್ತಿದ್ದಳು.

ಇವರು ಬಂದದ್ದು ಮೊದಲು ನಿಶ್ಚಯವಾಗಿದ್ದ ದಿನಕ್ಕೆ. ಚಪ್ಪರ ಬಿಚ್ಚಿ ಆಗಿತ್ತು. ಮೈಲು ಯಾಕೆ ನೋಡಲಿಲ್ಲ ಎಂದು ನಾನು ಕೇಳಿದ್ದಕ್ಕೆ, ಯಾವ ಮೈಲು ಎಂದು ನನ್ನನ್ನೇ ಕೇಳಿದರು. ಎರಡು ತಿಂಗಳಿಂದ ‘ಪಡ್ಪು ಮನೆ’ ಎಂದು ಬಂದದ್ದೆಲ್ಲ ಫ್ಲಾಟಿನ ಜಾಹೀರಾತಂತೆ. ಮೊದಲ ಸಲ ಮನೆ ಹೆಸರು ಕಂಡು, ಅಮ್ಮನಿಗೆ ಏನಾದರೂ ಆಯಿತೋ ಎಂದು ಗಾಬರಿಯಲ್ಲಿ ತೆರೆದರೆ ಎರಡು ಬೆಡ್‌ರೂಮು, ಈಜುಕೊಳ. ಎರಡನೆಯ ಸಲವೂ ಅದೇ. ಆಮೇಲೆ ತೆರೆಯುವುದನ್ನೇ ಬಿಟ್ಟರು. ನಾನು ಹಾಕಿಸಿದ ಎರಡೂ ಆ ರಾಶಿಯಲ್ಲೇ ಉಳಿದಿದ್ದವು. ಕ್ಯಾಂಪಿನಲ್ಲಿದ್ದ ನಮ್ಮೂರಿನವರೆಲ್ಲ ಬಿಟ್ಟಿದ್ದರಂತೆ.

ನಾನು ಮರುದಿನ ಮೊದಲ ಬಸ್ಸಿಗೇ ಹೋದೆ. ಬಾಯಿ ಏನನ್ನೂ ಮುಚ್ಚಿಡಲಿಲ್ಲ. ಫ್ಲಾಟಿನವರು ಬಂದಿದ್ದರು, ಕಳಿಸಿದ ಒಂದೊಂದಕ್ಕೂ ಇಷ್ಟು ಎಂದು ಕೊಡುತ್ತಾರೆ, ಮನೆ ಹೆಸರು ಹಾಕಿದರೆ ಜನ ತಪ್ಪದೆ ತೆರೆಯುತ್ತಾರೆ ಎಂದು ಅವರೇ ಹೇಳಿಕೊಟ್ಟದ್ದು ಅಂದರು. ಕ್ಲಾಸು ನಿಂತಿದೆ, ಅಂಗಡಿ ನಡೆಯಬೇಡವಾ ಎಂದೂ ಕೇಳಿದರು. ಇವರಿಲ್ಲದೆ ಧಾರೆ ನಡೆದ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ.

“ಬೇಡದವರು ಬಿಡ್ತಾರೆ ಮಾರಾಯ್ತಿ. ಜೀಪಿಗೆ ಮೈಕ ಕಟ್ಟಿ ಊರಿಡೀ ಕೂಗಿಕೊಂಡು ಹೋಗುದಿಲ್ವಾ? ಅದರಿಂದ ಯಾರಿಗೆ ಎಂತ ಆಯ್ತು?”

“ಜೀಪಿನವ ನನ್ನ ಅತ್ತೆಯ ಸ್ವರದಲ್ಲಿ ಕೂಗುದಿಲ್ಲ ಬಾಯಿ,” ಅಂದೆ. ಆಮೇಲೆ ಧಾರೆಯ ವಿಷಯ ಹೇಳಿದೆ.

ಅವರು ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟರು.

ಆ ದಿನವೇ ಜಾಹೀರಾತು ನಿಲ್ಲಿಸಿದರಂತೆ. ತಪ್ಪಾಯಿತು, ಇನ್ನು ಮನೆಯ ಸುದ್ದಿ ಮಾತ್ರ ಬರುತ್ತದೆ ಎಂದು ಪ್ರತಿಯೊಬ್ಬರಿಗೂ ಮನೆ ಹೆಸರು ಹಾಕಿಯೇ ಬರೆದರಂತೆ. ಯಾರು ತೆರೆಯುತ್ತಾರೆ? ಒಬ್ಬರ ಉತ್ತರವೂ ಬರಲಿಲ್ಲ. ಆಗ ಅವರು ಅಂಗಡಿಗೆ ಬೀಗ ಹಾಕಿ ಮನೆ ಮನೆಗೆ ಹೊರಟರು. ಮದುವೆಗೆ ಹೇಳಿಕೆ ಕೊಡಲು ಹೋಗುತ್ತಾರಲ್ಲ, ಹಾಗೆ ಒಂದು ಮನೆಯನ್ನೂ ಬಿಡದೆ, ಉರಿಬಿಸಿಲಿಗೆ ಕೊಡೆ ಹಿಡಿದುಕೊಂಡು.

ನಮ್ಮಲ್ಲಿಗೂ ಬಂದರು. ಅತ್ತೆ ಜಗಲಿಯಲ್ಲಿ ಚಾಪೆ ಹಾಕಿಸಿ, ಮಜ್ಜಿಗೆ ತರಿಸಿ ಕೊಟ್ಟರು. ಬಾಯಿ ಲೋಟ ಮುಟ್ಟಲಿಲ್ಲ. ಇವರ ಕಡೆ ನೋಡಿ, ನಿನ್ನನ್ನು ಧಾರೆಗೆ ತಪ್ಪಿಸಿದ್ದು ನಾನು ಮಗಾ ಅಂದರು. ಇವರು ಇರಲಿ ಬಿಡಿ ಬಾಯಿ ಎಂದು ಎದ್ದು ಹಿತ್ತಿಲಿಗೆ ಹೋದರು. ಅತ್ತೆ ಮಾತ್ರ ಬಿಡಲಿಲ್ಲ.

“ನಿಮ್ಮ ಹೆಸರು ಹಾಕಿ ಮಾರಬಹುದಿತ್ತಲ್ಲ ಬಾಯಿ. ನಮ್ಮ ಮನೆ ಹೆಸರನ್ನು ನೀವು ಕೇಳಿ ತಕೊಂಡದ್ದಾ?”

“ಇಲ್ಲ,” ಎಂದರು ಬಾಯಿ. ಮಜ್ಜಿಗೆ ಕುಡಿದರು, ಲೋಟವನ್ನು ತಾವೇ ತೊಳೆದು ಕವುಚಿಟ್ಟು ಹೊರಟರು.

ಜನ ಕ್ಷಮಿಸಿದರು, ಅಂಗಡಿಗೆ ಮಾತ್ರ ಮತ್ತೆ ಹೋಗಲಿಲ್ಲ. ಕ್ಷಮಿಸುವುದು ಬೇರೆ, ಮನೆಯ ಮಾತು ಹೇಳಿಕೊಳ್ಳುವುದು ಬೇರೆ. ಕೆಲವು ತಿಂಗಳಲ್ಲಿ ಬಾಯಿ ಅಂಗಡಿ ಬಿಟ್ಟು ಮಂಗಳೂರಿನ ತಂಗಿಯ ಮನೆಗೆ ಹೋದರು. ತೀರಿಕೊಂಡರೆಂದು ಕಳೆದ ವರ್ಷ ಬಸ್ಸಿನಲ್ಲಿ ಸಿಕ್ಕವರೊಬ್ಬರು ಹೇಳಿದರು. ಮಣ್ಣಿಗೆ ಹೋಗೋಣವೆಂದರೆ ಅದೂ ಆಗಿ ತಿಂಗಳು ಕಳೆದಿತ್ತು…

ನನಗೆ ಅವರ ಮೇಲಿನ ಸಿಟ್ಟು ಇಳಿದಿಲ್ಲ. ನಾದಿನಿ ಮದುವೆಯ ಆಲ್ಬಂ ತೆರೆದಾಗಲೆಲ್ಲ ಅದು ಹೊಸದಾಗಿಯೇ ಬರುತ್ತದೆ. ಆದರೆ ಇವತ್ತು ಅಳಿಸುತ್ತಾ ಕೂತಾಗ ಅನಿಸಿತು, ಆ ಸಿಟ್ಟಿಗೆ ಒಂದು ಮುಖವಾದರೂ ಇತ್ತು. ನಮ್ಮ ಮೆಟ್ಟಿಲು ಹತ್ತಿ ಬಂದು ಕೇಳಬೇಕಾದ್ದನ್ನು ಕೇಳಿಸಿಕೊಂಡು ಹೋದ ಜನ ಅದು. ಈಗ ಇವರ ಕೂದಲಿನ ಚಿಂತೆ ಮಾಡುವವನನ್ನು ಯಾವ ಜಗಲಿಯಲ್ಲಿ ಕೂರಿಸಿ ಕೇಳುವುದು? ಇನ್ನು ಕಳಿಸಬೇಡ ಎಂದು ಒತ್ತುವ ಜಾಗ ಅಡಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಉಂಟು. ಒತ್ತಿದರೆ ಮಾರನೆಯ ದಿನ ಇನ್ನೂ ಎರಡು ಬರುತ್ತವೆ.

ಊಟವಾದ ಮೇಲೆ ರಿಪೋರ್ಟು ಬಂತು. ಸಕ್ಕರೆ ಸ್ವಲ್ಪ ಏರಿದೆ. ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬೇಯಿಸಿದ ಹೆಸರುಕಾಳು. ಇವರು ಮೊದಲು ಮಲಗಿದರು. ನಾನು ದೀಪ ಆರಿಸುವಾಗ ಫೋನು ಟಿಂಗೆಂದಿತು. ನಾದಿನಿಯದ್ದೋ ಏನೋ ಎಂದು ಕನ್ನಡಕ ಹುಡುಕಿ ನೋಡಿದೆ. ಅವಳದ್ದಲ್ಲ. ಅಳಿಸಿ ಮಲಗಿದೆ.