ಎಂಟು ಮಾಳಿಗೆಯೊಳಗಿನ ಕಾಲುಂಗುರ

‘ಯಾರನ್ನ ಭೆಟ್ಟಿ ಆಗಬೇಕಬೇ?’ ಎಂದು ವಾಚ್‌ಮನ್ ಕೇಳಿದ. ‘ಯಾರನ್ನೂ ಇಲ್ಲಪ. ಸ್ಲ್ಯಾಬ್ ನೋಡಬೇಕು’ ಎಂದಳು ಆ ಹೆಂಗಸು.

ಕಳೆದ ವಾರ ಗಂಗಾವತಿಯ ಎಂಟು ಮಾಳಿಗೆ ಬಿಲ್ಡಿಂಗಿನ ಬಾಗಿಲಲ್ಲಿ ನಡೆದ ಮಾತಿದು. ನಾನು ಹಲ್ಲು ತೋರಿಸಲು ಹೋಗಿದ್ದೆ. (ಡಾಕ್ಟರಿಗೆ. ಬೇರೆಯವರಿಗೆ ತೋರಿಸುವಂತಿಲ್ಲ ಈಗ ಅವು.)

ಈ ಬಿಲ್ಡಿಂಗೆಂದರೆ ನಮಗೆ ಎಷ್ಟು ಹೆಮ್ಮೆ ಗೊತ್ತೇ? ಅಡ್ರೆಸ್ ಹೇಳುವುದು ಅದರಿಂದಲೇ ಶುರು. ಕುಷ್ಟಗಿಯ ಬೀಗರು ಬಂದರೆ ಚಹಾಕ್ಕಿಂತ ಮೊದಲು ಅದನ್ನು ತೋರಿಸುತ್ತೇವೆ. ಊರು ಸಿಟಿಯಾಯಿತು ಎನ್ನಲು ಒಂದು ಲಿಫ್ಟ್ ಸಾಕಲ್ಲವೇ?

ಬಾಗಿಲಲ್ಲಿ ನಿಂತ ಆ ಹೆಂಗಸು ಹುಲಿಗೆವ್ವ. ಇದನ್ನು ಕಟ್ಟುವಾಗ ಕಾಂಕ್ರೀಟ್ ಬುಟ್ಟಿ ಹೊತ್ತವಳು. ಎಂಟನೇ ಮಾಳಿಗೆಯ ನೆಲಕ್ಕೆ ಸ್ಲ್ಯಾಬ್ ಹಾಕಿದ ದಿನ, ಹಸಿ ಕಾಂಕ್ರೀಟಿನಲ್ಲಿ ಆಕೆಯ ಕಾಲುಂಗುರ ಜಾರಿಹೋಯಿತಂತೆ. ಸ್ಲ್ಯಾಬ್ ಶುರುವಾದರೆ ಮುಗಿಯುವತನಕ ನಿಲ್ಲಿಸುವಂತಿಲ್ಲ. ಹಿಂದೆ ಬುಟ್ಟಿಗಳ ಸಾಲು. ಕಾಲುಂಗುರ ಕಳೆದರೆ ಗಂಡನಿಗೆ ಒಳ್ಳೆಯದಲ್ಲ ಎಂದು ಮಂದಿ ಆಡಿಕೊಂಡಾರೆಂಬ ಹೆದರಿಕೆ ಬೇರೆ. ಯಾರಿಗೂ ಹೇಳದೆ ಹೊಸದೊಂದು ಹಾಕಿಕೊಂಡಳು. ಈಗ ಆ ಜಾಗದಲ್ಲಿ ಒಮ್ಮೆ ನಿಂತು ಬರಬೇಕು, ಅಷ್ಟೇ.

ವಾಚ್‌ಮನ್ ಕೆಟ್ಟವನಲ್ಲ. ಆದರೆ ರಿಜಿಸ್ಟರಿನಲ್ಲಿ ‘ಯಾರ ಭೇಟಿಗೆ’ ಎಂಬ ಕಾಲಂ ಖಾಲಿ ಬಿಟ್ಟರೆ ಅವನಿಗೆ ಬೈಗುಳ ತಪ್ಪಿದ್ದಲ್ಲ. ಆಕೆಯ ಹೆಸರಿನ ಮುಂದೆ ನಾನೇ ಎಂಟನೇ ಮಾಳಿಗೆಯ ನನ್ನ ಹಲ್ಲಿನ ಡಾಕ್ಟರ ಹೆಸರು ಬರೆದೆ. (ಸುಳ್ಳು. ಇರಲಿ.)

ಆಕೆ ಲಿಫ್ಟ್ ಬೇಡವೆಂದಳು. ಕಟ್ಟುವಾಗ ದಿನಾ ಹತ್ತಿದ ಮೆಟ್ಟಿಲಂತೆ. ಜಂಬಕ್ಕೆ ನಾನೂ ಜೊತೆಗೆ ಹತ್ತಿದೆ. ನಾಲ್ಕನೇ ಮಾಳಿಗೆಗೇ ಏದುಸಿರು. ಆಕೆಯೇ ನಿಂತು ಕಾದಳು.

ಮೇಲೆ ನೆಲಕ್ಕೆಲ್ಲ ಟೈಲ್ಸ್. ಜಾಗ ಗುರುತು ಹಿಡಿಯುವುದು ಹೇಗೆ? ಆಕೆ ಕಂಬ ಎಣಿಸಿದಳು. ಕಿಟಕಿಯಿಂದ ಮೂರನೆಯದರ ಬುಡಕ್ಕೆ, ಪೇಶೆಂಟುಗಳ ಕುರ್ಚಿ ನಡುವೆ, ಚಪ್ಪಲಿ ಬಿಟ್ಟು ನಿಂತಳು. ಕಿಟಕಿಯಾಚೆ ಭತ್ತದ ಗದ್ದೆ, ರೈಸ್‌ಮಿಲ್ಲುಗಳ ಚಿಮಣಿ, ದೂರಕ್ಕೆ ಹೇಮಗುಡ್ಡ. ತೋರಿಸಲು ಹೋದೆ. ಆಕೆ ತಲೆ ಎತ್ತಲಿಲ್ಲ.

ಆಗಲೇ ನಾನು ಆಕೆಯ ಕಾಲು ನೋಡಿದ್ದು. ಬೆರಳು ಬರಿದಾಗಿದ್ದವು. ಗಂಡ ತೀರಿಕೊಂಡು ಎರಡು ತಿಂಗಳಂತೆ.

‘ತಾಳಿ, ಬಳಿ, ಕಾಲುಂಗರ ಎಲ್ಲಾ ತಗದ್ರಿ ಮಂದಿ’ ಎಂದಳು ಮೆಲ್ಲಗೆ. ‘ನಮ್ಮ ಮನಿಯವರು ಲಗ್ನದಾಗ ಹಾಕಿದ್ದು ಇದು. ಇದೊಂದು ಯಾರ ಕೈಗೂ ಸಿಗಲಿಲ್ಲ ನೋಡ್ರಿ.’

ನನ್ನನ್ನು ಡಾಕ್ಟರು ಒಳಗೆ ಕರೆದಾಗ ಬಾಯಿ ತೆರೆಯಲೂ ಮನಸ್ಸಿರಲಿಲ್ಲ.

ಮುಂದಿನ ವಾರ ಮತ್ತೆ ಬರಲು ಹೇಳಿದ್ದಾರೆ. ಆ ನೆಲವನ್ನು ಮೆಟ್ಟಿ ಹೇಗೆ ದಾಟಲಿ, ನೀವೇ ಹೇಳಿ?